ದೀಪ ಯಾರಿಗಾಗಿ ಹೊತ್ತಿತು?

ಜೆರುಸಲೇಮಿನಲ್ಲಿ ವೃದ್ಧರ ಆರೈಕೆಗೆ ಸೇರಿದ ಮೊದಲ ಶುಕ್ರವಾರ ರಾತ್ರಿ, ಮಂಗಳೂರಿನ ಮನೆಯ ಅಭ್ಯಾಸದಂತೆ ನಾನು ಬಚ್ಚಲಿನ ಲೈಟ್ ಆರಿಸಿ ಮಲಗಿದೆ. ನಡುರಾತ್ರಿ ಎಚ್ಚರವಾದಾಗ, ನಾನು ನೋಡಿಕೊಳ್ಳುವ, ಎಂಬತ್ತು ದಾಟಿದ ಯೆಹೂದ್ಯ ಅಜ್ಜಿ ಕತ್ತಲಲ್ಲಿ ಗೋಡೆ ತಡವುತ್ತ ಬರುತ್ತಿದ್ದರು. ಸ್ವಿಚ್ ಅವರ ಕೈಗೆಟುಕುವಂತೆಯೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ, ನನ್ನನ್ನು ಕರೆಯಲೂ ಇಲ್ಲ.

ಶಬ್ಬಾತ್ ಎಂದರೆ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗಿನ ಯೆಹೂದ್ಯರ ವಿಶ್ರಾಂತಿ ದಿನ. ಆ ದಿನ ಮನೆಗಳಲ್ಲಿ ಬೆಂಕಿ ಹೊತ್ತಿಸಬಾರದೆಂದು ಬೈಬಲಿನ ವಿಮೋಚನಕಾಂಡದ 35ನೆಯ ಅಧ್ಯಾಯ ವಿಧಿಸುತ್ತದೆ. ಯೆಹೂದ್ಯರ ಪ್ರಾಚೀನ ಧರ್ಮನಿಯಮ ಸಂಗ್ರಹವಾದ ಮಿಶ್ನಾ ಪಟ್ಟಿ ಮಾಡಿದ 39 ನಿಷಿದ್ಧ ಕೆಲಸಗಳಲ್ಲಿ ಹೊತ್ತಿಸುವುದೂ ಆರಿಸುವುದೂ ಸೇರಿವೆ. ಬಲ್ಬಿನ ತಂತಿ ಕಾದು ಕೆಂಪಾಗುವುದರಿಂದ ಅದು ಬೆಂಕಿಗೆ ಸಮವೆಂದು ಬಹುತೇಕ ರಬ್ಬಿಗಳು, ಅಂದರೆ ಯೆಹೂದ್ಯ ಧರ್ಮಗುರುಗಳು, ತೀರ್ಮಾನಿಸಿದರು. ಎಲ್‌ಇಡಿಯಲ್ಲಿ ಅಂಥ ತಂತಿಯಿಲ್ಲವಲ್ಲ ಎಂದು ವಾದಿಸುವವರಿದ್ದಾರೆ. ಆದರೆ ವಿದ್ಯುತ್ ಮಂಡಲವನ್ನು ಪೂರ್ಣಗೊಳಿಸುವುದೇ ಅದೇ ಪಟ್ಟಿಯಲ್ಲಿರುವ ‘ಕಟ್ಟಡ ಕಟ್ಟುವ’ ಕೆಲಸಕ್ಕೆ ಸಮವೆಂದು ಹಜೋನ್ ಇಶ್ ಎಂದೇ ಪ್ರಸಿದ್ಧರಾದ ರಬ್ಬಿ ಕರೆಲಿಟ್ಜ್ ಹೇಳಿದ್ದರು. ರಬ್ಬಿ ಶ್ಲೊಮೊ ಜಲ್ಮಾನ್ ಔರ್‌ಬಾಖ್ ಆ ತರ್ಕವನ್ನು ಒಪ್ಪದಿದ್ದರೂ, ರೂಢಿಯಾಗಿರುವ ನಿಷೇಧವನ್ನು ಮೀರಬಾರದೆಂದರು. ಕಾರಣದ ಬಗ್ಗೆ ಭಿನ್ನಾಭಿಪ್ರಾಯವಿದ್ದರೂ ಆಚರಣೆಯಲ್ಲಿ ಫಲ ಒಂದೇ.

ಯೆಹೂದ್ಯರಲ್ಲದ ನಮಗೆ ಈ ನಿಷೇಧವಿಲ್ಲ. ಆದ್ದರಿಂದಲೇ ನಾವು ಹೆಚ್ಚು ಎಚ್ಚರದಿಂದಿರಬೇಕು. ಅನ್ಯಧರ್ಮೀಯನು ತನಗಾಗಿ ದೀಪ ಹಚ್ಚಿದರೆ ಯೆಹೂದ್ಯನು ಅದರ ಬೆಳಕನ್ನು ಬಳಸಬಹುದು, ಯೆಹೂದ್ಯನಿಗಾಗಿ ಹಚ್ಚಿದರೆ ಬಳಸಬಾರದು ಎನ್ನುತ್ತದೆ ಮಿಶ್ನಾ. ಹಾಗಾಗಿ ಇಲ್ಲಿ ಹಚ್ಚಿದ ಕೈಗಿಂತ ಹಚ್ಚಿದ ಉದ್ದೇಶ ಮುಖ್ಯ. ನನ್ನ ಊಟಕ್ಕೆಂದು ನಾನು ಅಡುಗೆಮನೆಯ ಲೈಟ್ ಹಾಕಿದರೆ ಅಜ್ಜಿ ಅಲ್ಲಿಯೇ ಕೂತು ಓದಬಹುದು. ಅವರ ಓದಿಗೆಂದು ಪ್ರೀತಿಯಿಂದ ಹಾಕಿದೆನೋ, ಆ ಬೆಳಕು ಅವರಿಗೆ ನಿಷಿದ್ಧವಾಗುತ್ತದೆ. ಸಾಮಾನ್ಯವಾಗಿ ಅವರು ನಮಗೆ ‘ಲೈಟ್ ಹಾಕು’ ಎಂದು ಹೇಳುವಂತೆಯೂ ಇಲ್ಲ.

ಕಾಯಿಲೆಯವರ ವಿಷಯ ಬೇರೆ. ಪ್ರಾಣಾಪಾಯವಿಲ್ಲದಿದ್ದರೂ ಹಾಸಿಗೆ ಹಿಡಿದ ರೋಗಿಯ ಅಗತ್ಯಕ್ಕೆ ಅನ್ಯಧರ್ಮೀಯರ ನೆರವು ಕೇಳಬಹುದು. ಪ್ರಾಣಾಪಾಯವಿದ್ದರಂತೂ ಯೆಹೂದ್ಯರೇ ಸ್ವಿಚ್ ಹಾಕಬೇಕು, ಫೋನ್ ಮಾಡಬೇಕು, ಒಂದು ಕ್ಷಣವೂ ತಡಮಾಡಬಾರದು. ಉಸಿರು ಕಟ್ಟುತ್ತಿರುವವರ ಎದುರು ದಯವಿಟ್ಟು ಯಾರೂ ಶಬ್ಬಾತ್ ನೆನೆದು ಹಿಂಜರಿಯಬೇಡಿ.

ಉಳಿದದ್ದೆಲ್ಲ ಶುಕ್ರವಾರ ಮಧ್ಯಾಹ್ನದ ಕೆಲಸ. ಫ್ರಿಜ್ಜಿನ ಬಾಗಿಲು ತೆರೆದಾಗ ಹೊತ್ತದಂತೆ ಅದರೊಳಗಿನ ಬಲ್ಬ್ ಬಿಚ್ಚಿಡಬೇಕು, ಕೋಣೆಯ ದೀಪಕ್ಕೆ ಟೈಮರ್ ಹೊಂದಿಸಬೇಕು, ರಾತ್ರಿ ಯಾವ ದೀಪ ಉರಿಯುತ್ತಿರಬೇಕೆಂದು ಮನೆಯವರನ್ನು ಕೇಳಿಟ್ಟುಕೊಳ್ಳಬೇಕು. ನಾನು ಈಗ ಬಚ್ಚಲಿನ ಲೈಟ್ ಹಾಕಿ, ಸ್ವಿಚ್ಚಿನ ಮೇಲೆ ಅಗಲವಾದ ಟೇಪ್ ಅಂಟಿಸುತ್ತೇನೆ. ಆ ಟೇಪ್ ಇರುವುದು ಅಜ್ಜಿಗಾಗಿ ಅಲ್ಲ, ನನ್ನ ಕೈಯ ಹಳೆಯ ಅಭ್ಯಾಸಕ್ಕಾಗಿ.