ಗುಂಯ್‌ಗುಡುವ ಹಾಲ್‌ಗೆ ಸ್ಪೀಕರ್ ಮದ್ದಲ್ಲ

2023ರ ಜುಲೈ 26ರಂದು ದೆಹಲಿಯ ಪ್ರಗತಿ ಮೈದಾನದಲ್ಲಿ ಭಾರತ ಮಂಡಪಂ ಎಂಬ ದೊಡ್ಡ ಸಮಾವೇಶ ಭವನದ ಉದ್ಘಾಟನೆಯಾಯಿತು. ಸೆಪ್ಟೆಂಬರಿನಲ್ಲಿ ಜಿ20 ಶೃಂಗಸಭೆಯೂ ಅಲ್ಲೇ ನಡೆಯಿತು. ಆಮೇಲೆ ನಮ್ಮ ಶಿರಸಿ, ಕುಮಟಾ ಕಡೆ ಕಲ್ಯಾಣ ಮಂಟಪ ಕಟ್ಟಿಸುವವರ ಮೊಬೈಲ್‌ನಲ್ಲೆಲ್ಲ ಅದರದೇ ಫೋಟೊ. "ಹಿಂಗೇ ಒಂದು ಸಣ್ಣದು ಮಾಡಿಕೊಡಿ" ಎನ್ನುತ್ತಾರೆ. ಎತ್ತರದ ಛಾವಣಿ, ಗಾಜಿನ ಗೋಡೆ, ಗ್ರಾನೈಟ್ ನೆಲ. ಮಾಡಿಕೊಡುವವರು ಸಿಗುತ್ತಾರೆ. ಧ್ವನಿ ನೋಡುವ ನನಗೆ ಕರೆ ಬರುವುದು ಗೃಹಪ್ರವೇಶದ ಊಟ ಕರಗಿದ ಮೇಲೆ: "ಮಾತು ತಿಳಿಯೂದಿಲ್ಲ, ಇನ್ನೆರಡು ಸ್ಪೀಕರ್ ಹಾಕಿಬಿಡೋಣ."

ದಯವಿಟ್ಟು ಹಾಕಬೇಡಿ. ಸದ್ದು ಕಡಿಮೆಯಾಗಿ ಮಾತು ತಿಳಿಯದಿರುವುದು ಬೇರೆ, ಹಿಂದಿನ ಅಕ್ಷರ ಅಡಗುವ ಮೊದಲೇ ಮುಂದಿನದು ಬಂದು ಕಲಸಿಹೋಗುವುದು ಬೇರೆ. ನಿಮ್ಮದು ಎರಡನೆಯದು. 30 ಮೀಟರ್ ಉದ್ದ, 18 ಅಗಲ, 7 ಎತ್ತರದ ಹಾಲ್ ಹಿಡಿಯಿರಿ. ಒಳಗೆಲ್ಲ ಪ್ಲಾಸ್ಟರ್, ಕಲ್ಲು, ಗಾಜೇ ಇದ್ದರೆ, ಖಾಲಿ ಇದ್ದಾಗ ಒಂದು ಚಪ್ಪಾಳೆ ಪೂರ್ತಿ ಅಡಗಲು ಸುಮಾರು ಏಳು ಸೆಕೆಂಡ್ ಬೇಕು. ಐನೂರು ಜನ ಕೂತರೆ ಎರಡಕ್ಕೆ ಇಳಿಯುತ್ತದೆ, ಮೈ ಬಟ್ಟೆಗಳೂ ಸದ್ದು ಹೀರುತ್ತವೆ. ಮಾತಿಗೆ ಒಂದರ ಆಸುಪಾಸು ಇರಬೇಕು. ಈ ಲೆಕ್ಕ ನಿಂತಿರುವುದು ಎರಡರ ಮೇಲೆ: ಒಳಗಿನ ಘನ ಅಳತೆ, ಸದ್ದು ಹೀರುವ ಮೈ. ಸ್ಪೀಕರ್ ಎಷ್ಟು ಎಂಬುದು ಅದರಲ್ಲಿ ಬರುವುದೇ ಇಲ್ಲ. ಹೆಚ್ಚು ಹಾಕಿದರೆ ಕಲಸಿದ್ದೇ ಜೋರಾಗಿ ಕೇಳುತ್ತದೆ, ಅಷ್ಟೇ. ಅದೇ ಹಾಲ್‌ನ ಛಾವಣಿಗೆ ಪೂರ್ತಿ ಸದ್ದು ಹೀರುವ ಹಲಗೆ ಹಾಕಿಸಿದರೆ, ಜನ ತುಂಬಿದಾಗ ಒಂದು ಸೆಕೆಂಡಿನ ಒಳಗೆ ಬಂತು.

ಕುಮಟಾ ಹತ್ತಿರದ ಒಂದು ಹಾಲ್‌ನಲ್ಲಿ ತಾಳಮದ್ದಳೆ. ಭಾಗವತರು ಎರಡು ಪದ ಹಾಡಿ ಜಾಗಟೆ ಕೆಳಗಿಟ್ಟರು. "ಆನು ಹಾಡಿದ್ದು ನಂಗೇ ತಿರುಗಿ ಬತ್ತಾ ಇದ್ದಲಾ ತಮಾ!" ಮೈಕಿನ ಹುಡುಗ ಪಾಪ, ವಾಲ್ಯೂಮ್ ಏರಿಸಿದ. ನಾನು ಕಡಿಮೆ ಮಾಡಿಸಿ, ಛಾವಣಿ ಕಡೆ ಮುಖ ಮಾಡಿದ್ದ ಸ್ಪೀಕರ್‌ಗಳನ್ನು ಜನರ ಕಡೆ ಬಗ್ಗಿಸಿದೆ. ಮುಂದಿನ ಸಾಲುಗಳಿಗೆ ಅರ್ಥಧಾರಿಗಳ ಮಾತು ತಿಳಿಯಿತು. ಹಿಂದಿನವರು ಎದ್ದು ಮುಂದೆ ಬಂದು ಕೂತರು.

ದೆಹಲಿಯ ಮಾತೇ ಬೇರೆ. ಶಂಖದ ಆಕಾರ ಎಲ್ಲರ ಕಣ್ಣಿಗೆ ಬೀಳುತ್ತದೆ. ಎರಡೂ ಸೇರಿ ಏಳು ಸಾವಿರ ಜನ ಹಿಡಿಸುವ ಅಲ್ಲಿನ ಸಭಾಂಗಣಗಳ ಜತೆ 16 ಭಾಷೆಗಳ ಅನುವಾದಕ್ಕೆ ವ್ಯವಸ್ಥೆಯಿದೆ ಎಂಬುದು ಫೋಟೊದಲ್ಲಿ ಕಾಣುವುದಿಲ್ಲ. ಅನುವಾದ ಕೇಳುವವನ ಕಿವಿಗೆ ಮಾತು ಹೆಡ್‌ಫೋನಿನಲ್ಲಿ ಬರುತ್ತದೆ. ನಮ್ಮ ಮದುವೆಗೆ ಬಂದ ದೊಡ್ಡಮ್ಮನಿಗೆ ಹೆಡ್‌ಫೋನ್ ಯಾರು ಕೊಡುತ್ತಾರೆ?

ಯಾವ ಹಲಗೆ ಎಂಬುದನ್ನು ಜಾಗ ನೋಡದೆ ಹೇಳಲಾರೆ. ಕರಾವಳಿಯ ತೇವಕ್ಕೆ ಅಗ್ಗದ ಫೈಬರ್ ಟೈಲ್ ಜೋತುಬೀಳುತ್ತದೆ, ಬೂಸ್ಟು ಹಿಡಿಯುತ್ತದೆ. ಮರದ ಎಳೆ, ಸಿಮೆಂಟ್ ಸೇರಿಸಿದ ಹಲಗೆ ಸಾಮಾನ್ಯವಾಗಿ ಹೆಚ್ಚು ತಾಳುತ್ತದೆ. ಮೇಲೆ ತಗಡಿನ ಶೀಟ್ ಇದ್ದರೆ ಆಷಾಢದ ಮಳೆಯ ಸದ್ದಿಗೆ ಬೇರೆಯೇ ಏರ್ಪಾಡು ಬೇಕು. ನಕ್ಷೆ ಕಾಗದದ ಮೇಲಿರುವಾಗಲೇ ಕರೆಯಿರಿ. ಗ್ರಾನೈಟ್ ಕೂತ ಮೇಲೆ ನನ್ನ ಕೈಗೆ ಉಳಿಯುವುದು ಛಾವಣಿ, ಪರದೆ ಎರಡೇ.