ಹುಬ್ಬಳ್ಳಿಯ ಉದ್ದನೆ ಕಟ್ಟೆ ಮತ್ತು ‘ಪ್ಲಾಟ್‌ಫಾರಂ’ ಅನ್ನೋ ಪದ

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ದೊಡ್ಡವ್ವನನ್ನು ಗಾಡಿ ಹತ್ತಿಸೋಕೆ ಹುಬ್ಬಳ್ಳಿ ಸ್ಟೇಷನ್ನಿಗೆ ಹೋಗಿದ್ದೆ. ಗಾಡಿ ಎಂಟನೇ ಪ್ಲಾಟ್‌ಫಾರಮ್ಮಿಗೆ ಬರುತ್ತದೆ ಅಂದರು. ನನ್ನ ಕೈಯಲ್ಲಿ ರೊಟ್ಟಿ ಗಂಟು, ಅವಳ ಕೈಯಲ್ಲಿ ಶೇಂಗಾ ಚಟ್ನಿ. ನಮ್ಮ ಡಬ್ಬಿ ನಿಲ್ಲುವ ಜಾಗ ಹುಡುಕುತ್ತಾ ನಡೆದೇ ನಡೆದೆವು. ಅರ್ಧಕ್ಕೆ ದೊಡ್ಡವ್ವ ನಿಂತುಬಿಟ್ಟಳು.

“ಏ ತಮ್ಮಾ, ಈ ಕಟ್ಟಿ ಮುಗಿಯೂದ ಇಲ್ಲೇನೋ?”

ಆ ಕಟ್ಟೆ 1,507 ಮೀಟರ್ ಉದ್ದ ಇದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅಲ್ಲಿವರೆಗೆ ಗೋರಖಪುರದ 1,366 ಮೀಟರಿನದೇ ಜಗತ್ತಿನಲ್ಲಿ ಅತಿ ಉದ್ದದ ಪ್ಲಾಟ್‌ಫಾರಂ ಆಗಿತ್ತು. ನಮ್ಮ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣ ಅದನ್ನು ಹಿಂದೆ ಹಾಕಿ ಗಿನ್ನೆಸ್ ದಾಖಲೆಗೆ ಸೇರಿತು. 24 ಡಬ್ಬಿಯ ಎರಡು ಗಾಡಿ ಒಂದರ ಹಿಂದೊಂದು ನಿಂತರೂ ಇನ್ನೂ ಜಾಗ ಉಳಿಯುತ್ತದೆ.

ಆದರೆ ಮನೆಗೆ ಬಂದ ಮೇಲೂ ನನ್ನ ತಲೆಯಲ್ಲಿ ಉಳಿದದ್ದು ದೊಡ್ಡವ್ವನ ಮಾತು. ಅವಳು ಪ್ಲಾಟ್‌ಫಾರಂ ಅನ್ನಲಿಲ್ಲ, ಕಟ್ಟಿ ಅಂದಳು. ಹಾಗಾದರೆ ಈ ಪ್ಲಾಟ್‌ಫಾರಂ ಅನ್ನೋ ಪದ ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂತೆ.

ಇಂಗ್ಲಿಷಿಗೆ ಅದು ಬಂದದ್ದು ಫ್ರೆಂಚಿನಿಂದ. ಅಲ್ಲಿ ಪ್ಲಾಟ್ ಅಂದರೆ ಚಪ್ಪಟೆ, ಫಾರ್ಮ್ ಅಂದರೆ ಆಕಾರ. ನಮ್ಮ ಕಡೆ ಎಷ್ಟೋ ಜನ ಅದನ್ನು ‘ಫ್ಲಾಟ್‌ಫಾರಂ’ ಅಂತಾರೆ. ತಪ್ಪು ಅಂತ ತಿದ್ದೋದನ್ನು ನಾನು ಬಿಟ್ಟುಬಿಟ್ಟಿದ್ದೇನೆ, ಯಾಕಂದರೆ ಅರ್ಥ ಅದೇ. ಅರ್ಜಿ ತುಂಬುವ ಫಾರಮ್ಮೂ ಈ ‘ಆಕಾರ’ದ್ದೇ ಮಗು. ಹೊಲದ ಫಾರಂ ಮಾತ್ರ ಬೇರೆ ಮನೆತನದ್ದು.

ಪ್ಲಾಟ್‌ನ ಬೇರು ಹಿಡಿದು ಇನ್ನೂ ಹಿಂದಕ್ಕೆ ಹೋದರೆ ಗ್ರೀಕಿನ ಪ್ಲಾಟುಸ್ ಸಿಗುತ್ತದೆ. ಅಗಲವಾದದ್ದು, ಹರಡಿಕೊಂಡದ್ದು ಅಂತ ಅರ್ಥ. ಊಟದ ಪ್ಲೇಟು, ಪೇಟೆಯ ಪ್ಲಾಜಾ, ಪ್ಲೇಸ್ ಎಲ್ಲ ಆ ಬಳ್ಳಿಯವೇ. ಇದೇ ಗ್ರೀಕ್ ಪದಕ್ಕೆ ಸಂಸ್ಕೃತದಲ್ಲಿ ಒಡಹುಟ್ಟಿದ ಪದವೊಂದಿದೆ: ಪೃಥು. ಅದರಿಂದಲೇ ಪೃಥ್ವಿ, ಅಂದರೆ ವಿಶಾಲವಾಗಿ ಹರಡಿಕೊಂಡವಳು. ರೈಲಿನ ಪ್ಲಾಟ್‌ಫಾರಮ್ಮಿಗೂ ನಾವು ಬೆಳಿಗ್ಗೆ ಎದ್ದು ಕಾಲಿಡುವ ಪೃಥ್ವಿಗೂ ನಂಟಿದೆ ಅಂತ ಗೊತ್ತಾದ ದಿನ ನನಗೆ ಎಷ್ಟು ಖುಷಿಯಾಯಿತು ಅಂದರೆ, ಮೊದಲು ದೊಡ್ಡವ್ವನಿಗೇ ಫೋನ್ ಮಾಡಿ ಹೇಳಿದೆ.

ಇಂಗ್ಲಿಷಿನಲ್ಲಿ ಮೊದಮೊದಲು, 16ನೇ ಶತಮಾನದಲ್ಲಿ, ಪ್ಲಾಟ್‌ಫಾರಂ ಅಂದರೆ ನಕ್ಷೆ, ಯೋಜನೆ. ಸಮತಟ್ಟಾಗಿ ಎತ್ತರಿಸಿದ ಜಾಗಕ್ಕೂ ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಆ ಹೆಸರು ಬಂತು. ಕೋಟೆಯಲ್ಲಿ ಫಿರಂಗಿ ಕೂರಿಸೋಕೆ ಕಟ್ಟುತ್ತಿದ್ದ ಕಟ್ಟೆಗೂ ಹಾಗೇ ಅನ್ನುತ್ತಿದ್ದರು. ರೈಲು ಬಂದದ್ದು ಬಹಳ ತಡವಾಗಿ. 1830ರ ದಶಕದಲ್ಲಿ ಇಂಗ್ಲೆಂಡಿನ ನಿಲ್ದಾಣಗಳು ಈ ಪದವನ್ನು ತಮ್ಮದು ಮಾಡಿಕೊಂಡವು. 19ನೇ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಹಳಿ ಹಾಸಿದಾಗ ಗಾಡಿಯ ಜೊತೆ ಪದವೂ ಇಳಿಯಿತು.

ಅದಕ್ಕಿಂತ ಮೊದಲೇ ಅಮೆರಿಕದಲ್ಲಿ ಅದು ಇನ್ನೊಂದು ದಾರಿ ಹಿಡಿದಿತ್ತು. 1648ರಲ್ಲಿ ಅಲ್ಲಿನ ಚರ್ಚುಗಳು ತಮ್ಮ ನಿಯಮಗಳನ್ನು ಬರೆದುಕೊಂಡು ಕೇಂಬ್ರಿಡ್ಜ್ ಪ್ಲಾಟ್‌ಫಾರಂ ಅಂತ ಹೆಸರಿಟ್ಟವು. ಆಮೇಲೆ ರಾಜಕೀಯ ಪಕ್ಷಗಳ ಪ್ರಣಾಳಿಕೆಗೂ ಅದೇ ಪದ. ಪ್ರಣಾಳಿಕೆಯ ಒಂದೊಂದು ಅಂಶಕ್ಕೆ ಅಲ್ಲಿ ‘ಪ್ಲ್ಯಾಂಕ್’, ಅಂದರೆ ಹಲಗೆ, ಅಂತಾರೆ. ಹಲಗೆ ಜೋಡಿಸಿ ಕಟ್ಟೆ ಮಾಡಿ, ಅದರ ಮೇಲೆ ನಿಂತು ಮಾತಾಡು ಅನ್ನೋ ಲೆಕ್ಕ.

ಕನ್ನಡದಲ್ಲೂ ಹೀಗೇ ಆಗಿದೆ, ಗಮನಿಸಿದ್ದೀರಾ? ವೇದಿ ಅಂದರೆ ಯಜ್ಞಕ್ಕೆ ಕಟ್ಟುವ ಜಗಲಿ. ಅದರಿಂದ ಬಂದ ವೇದಿಕೆ ಸಭೆ ನಡೆಯುವ ಜಾಗವಾಯಿತು. ಈಗ ಎಷ್ಟೋ ಸಂಘಟನೆಗಳ ಹೆಸರಲ್ಲೇ ವೇದಿಕೆ ಇದೆ. ಕಲ್ಲು ಮಣ್ಣಿನ ಪದ ಜನರ ಒಗ್ಗಟ್ಟಿನ ಪದವಾಯಿತು. ಕಟ್ಟೆಯದೂ ಅದೇ ಕಥೆ. ಅರಳಿಕಟ್ಟೆ, ಹರಟೆಕಟ್ಟೆ, ಕಟ್ಟೆ ಪಂಚಾಯ್ತಿ. ಧಾರವಾಡದಲ್ಲಂತೂ ಬರೀ ‘ಅಟ್ಟ’ ಅಂದರೆ ಸಾಕು, ಓದುವವರಿಗೆ ಅರ್ಥವಾಗುತ್ತದೆ. ಅದು ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಅನ್ನೋ ಪುಸ್ತಕ ಪ್ರಕಾಶನದ ಅಟ್ಟ. ಮೆಟ್ಟಿಲು ಹತ್ತಿ ಹೋಗಿ ಕೂತು ಸಾಹಿತಿಗಳು ಗಂಟೆಗಟ್ಟಲೆ ಮಾತಾಡುತ್ತಿದ್ದ ಜಾಗ. ಇನ್ನು ಹುಬ್ಬಳ್ಳಿಯ ದುರ್ಗದಬೈಲು ನೋಡಿ. ಹೆಸರಲ್ಲೇ ಬಯಲಿದೆ. ಸಂಜೆಯಾದರೆ ಅಲ್ಲಿ ಮಿರ್ಚಿ ಗಿರಮಿಟ್ ತಿನ್ನುತ್ತಾ ನಿಲ್ಲೋಕೆ ಯಾರನ್ನೂ ಕೇಳಬೇಕಾಗಿಲ್ಲ. ಗ್ರೀಕರ ‘ಅಗಲವಾದ ಬೀದಿ’ಯಿಂದ ಹುಟ್ಟಿದ ಪ್ಲಾಜಾ ಮೂಲದಲ್ಲಿ ಇದೇ ತಾನೆ.

ಕಂಪ್ಯೂಟರಿನವರು ಈ ಪದ ಎತ್ತಿಕೊಂಡದ್ದು 1980ರ ದಶಕದಲ್ಲಿ. ಬೇರೆ ಸಾಫ್ಟ್‌ವೇರ್ ಯಾವುದರ ಮೇಲೆ ನಿಂತು ಕೆಲಸ ಮಾಡುತ್ತದೋ ಅದು ಪ್ಲಾಟ್‌ಫಾರಂ. ಅಲ್ಲಿಂದ ಅದು ನಮ್ಮ ಮೊಬೈಲಿಗೆ ಬಂತು. ಈಗ ಊಟ ತರಿಸಿದರೆ ಬಿಲ್ಲಿನಲ್ಲಿ ‘ಪ್ಲಾಟ್‌ಫಾರಂ ಫೀ’ ಅಂತ ಒಂದು ಸಾಲು ಇರುತ್ತದೆ. ಸ್ಟೇಷನ್ನಿನ ಪ್ಲಾಟ್‌ಫಾರಂ ಟಿಕೆಟ್ ತಗೊಂಡರೆ ನಿಲ್ಲೋಕೆ ಜಾಗವಾದರೂ ಸಿಗುತ್ತದೆ.

ಊಟ ತಂದುಕೊಡುವ ಹುಡುಗರಿಗೆ ಕಾನೂನು ಕೊಟ್ಟ ಹೆಸರೂ ಇದೇ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅವರು ಪ್ಲಾಟ್‌ಫಾರಂ ಕಾರ್ಮಿಕರು. 2025ರಲ್ಲಿ ನಮ್ಮ ರಾಜ್ಯವೂ ಅವರಿಗಾಗಿ ಕಾಯ್ದೆ ಮಾಡಿತು. ಪ್ರತಿ ಕೆಲಸಕ್ಕೆ ಅವರಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು ಅಂತ ಅದರಲ್ಲಿದೆ. ಒಳ್ಳೆಯ ಕಾಯ್ದೆ. ಆ ದುಡ್ಡು ಈ ಹುಡುಗರ ಕೈಗೆ ಬೇಗ ಮುಟ್ಟಲಿ ಅನ್ನೋದು ನನ್ನ ಆಸೆ.

ಮೊನ್ನೆ ವಿದ್ಯಾನಗರದಲ್ಲಿ ಸಂಜೆ ಜೋರು ಮಳೆ. ಒಂದು ಹೋಟೆಲಿನ ಎದುರು ಐದಾರು ಹುಡುಗರು ಬೇವಿನ ಮರದ ಕೆಳಗೆ ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಕೂತಿದ್ದರು. ಬೆನ್ನಿನ ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಹೋಗಿ ಕೂತ್ಕೋಬಾರದಾ ಅಂತ ಒಬ್ಬನನ್ನು ಕೇಳಿದೆ.

“ಒಳಗ ಕೂಡಾಕ ಬಿಡಂಗಿಲ್ರಿ ಅಣ್ಣಾ,” ಅಂದ. “ನಮಗ ಈ ಕಟ್ಟಿನ ರೀ.” ಅಂದವನೇ ಸ್ವಲ್ಪ ಸರಿದು ನನಗೂ ಜಾಗ ಮಾಡಿಕೊಟ್ಟ.