ಅಮ್ಮನ ಒಂಟಿ ಚಪ್ಪಲಿ

ಐದು ವರ್ಷದ ಹುಡುಗನೊಬ್ಬನನ್ನು ಅವನ ತಾಯಿ ಮತ್ತು ಅಜ್ಜಿ ನನ್ನಲ್ಲಿಗೆ ಕರೆತಂದಾಗ ಅವರ ದೂರು ಚಪ್ಪಲಿಯದ್ದಾಗಿತ್ತು. ತಾಯಿ ಹೊರಗೆ ಹೊರಡುವ ಹೊತ್ತಿಗೆ ಸರಿಯಾಗಿ ಅವರ ಚಪ್ಪಲಿ ಜೋಡಿಯಲ್ಲಿ ಒಂದು ಕಾಣೆಯಾಗುತ್ತಿತ್ತು. ಹುಡುಕಿದರೆ ಅಕ್ಕಿ ಡಬ್ಬದ ಹಿಂದೆಯೋ, ಒಗೆಯುವ ಬಟ್ಟೆಯ ಬುಟ್ಟಿಯೊಳಗೋ ಸಿಗುತ್ತಿತ್ತು. ಅಪ್ಪನ ಚಪ್ಪಲಿಯನ್ನು ಅವನು ಮುಟ್ಟುತ್ತಿರಲಿಲ್ಲ. ಮನೆಯವರು ಇದನ್ನು ಕಿಡಿಗೇಡಿತನವೆಂದು ತಿಳಿದು ಬೈದಿದ್ದರು, ಎರಡು ಸಲ ಹೊಡೆದೂ ಇದ್ದರು. ಹುಡುಗ ಮಾತ್ರ ಅಳುತ್ತಿರಲಿಲ್ಲ. "ಗಟ್ಟಿ ಮಗು ಡಾಕ್ಟ್ರೇ, ಅವರಮ್ಮ ಬಾಣಂತನಕ್ಕೆ ತೌರಿಗೆ ಹೋದಾಗಲೂ ಒಂದು ದಿನ ಅಳಲಿಲ್ಲ" ಎಂದು ಅಜ್ಜಿ ಹೆಮ್ಮೆಯಿಂದ ಹೇಳಿದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಅಜ್ಜಿಯ ಈ ಮಾತನ್ನು ಮಾತ್ರ ಬದಲಿಸಿಲ್ಲ.

ಮನೋವಿಶ್ಲೇಷಣೆಯಿಂದ ಹುಟ್ಟಿದ, ನಾವು ಸೈಕೋಡೈನಮಿಕ್ ಎಂದು ಕರೆಯುವ ದೃಷ್ಟಿಯು ಇಂಥ ನಡತೆಯನ್ನು ತಿದ್ದುವ ಮೊದಲು ಅದರ ಅರ್ಥವನ್ನು ಹುಡುಕುತ್ತದೆ. ತಡೆದುಕೊಳ್ಳಲಾಗದ ನೋವು ಅರಿವಿನಿಂದ ಕೆಳಗೆ ಸರಿದರೂ ಸುಮ್ಮನೆ ಕೂರುವುದಿಲ್ಲ. ಅದು ಆಟದಲ್ಲಿ, ಕನಸಿನಲ್ಲಿ, ಹೊಟ್ಟೆನೋವಿನಲ್ಲಿ, ಯಾವುದೋ ಒಂದು ವಸ್ತುವಿನ ಮೇಲಿನ ವಿಚಿತ್ರ ಹಟದಲ್ಲಿ ಹೊರಬರುತ್ತದೆ, ಮತ್ತು ಆ ನೋವನ್ನು ನಿಭಾಯಿಸಲು ಎಳವೆಯಲ್ಲಿ ರೂಢಿಸಿಕೊಂಡ ರೀತಿಗಳು ಮುಂದೆ ವ್ಯಕ್ತಿತ್ವದ ಭಾಗವಾಗಿಬಿಡುತ್ತವೆ ಎಂಬುದು ಅದರ ಮೂಲ ತಿಳಿವಳಿಕೆ. ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಮಗುವಿನ ಬೆಳವಣಿಗೆಯಲ್ಲಿ ಗುರುತಿಸಿದ ಮನೋಲೈಂಗಿಕ ಹಂತಗಳನ್ನು ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ; ಆ ಹಂತಗಳಿಗೆ ಸಂಶೋಧನೆಯ ಬೆಂಬಲ ದುರ್ಬಲವಾಗಿದೆ, ಕೆಲಸದಲ್ಲಿ ನನಗೆ ಅವು ನೆರವಾದದ್ದೂ ಕಡಿಮೆ. ನೆರವಾದದ್ದು ಅದೇ ಫ್ರಾಯ್ಡ್ ತಮ್ಮ ಮೊಮ್ಮಗನನ್ನು ನೋಡುತ್ತ ಕುಳಿತು ಗಮನಿಸಿದ ಒಂದು ಆಟ.

1920ರಲ್ಲಿ ಅವರು ಅದನ್ನು ಬರೆದರು. ಒಂದೂವರೆ ವರ್ಷದ ಆ ಮಗು, ತಾಯಿ ಕೆಲವು ಗಂಟೆ ಬಿಟ್ಟು ಹೋದರೂ ಅಳುತ್ತಿರಲಿಲ್ಲ. ಆದರೆ ದಾರ ಕಟ್ಟಿದ ಮರದ ರೀಲೊಂದನ್ನು ಪರದೆ ಹಾಕಿದ ತೊಟ್ಟಿಲ ಅಂಚಿನಾಚೆ ಎಸೆದು "ಓ" ಎಂದು ಉದ್ದಕ್ಕೆ ಎಳೆಯುತ್ತಿತ್ತು. ಜರ್ಮನ್ ಭಾಷೆಯ 'ಫೋರ್ಟ್', ಅಂದರೆ 'ಹೋಯಿತು' ಎಂಬ ಪದ ಅದೆಂದು ತಾಯಿ ಮತ್ತು ಫ್ರಾಯ್ಡ್ ಇಬ್ಬರೂ ಅರ್ಥ ಮಾಡಿಕೊಂಡರು. ಆಮೇಲೆ ದಾರ ಎಳೆದು, ರೀಲು ಕಣ್ಣಿಗೆ ಬಿದ್ದೊಡನೆ 'ಡಾ', 'ಇಲ್ಲಿದೆ' ಎಂದು ಹಿಗ್ಗುತ್ತಿತ್ತು. ನಿಜ ಬದುಕಿನಲ್ಲಿ ತಾಯಿಯ ಹೋಗುಬರುವಿಕೆ ಮಗುವಿನ ಕೈಯಲ್ಲಿರಲಿಲ್ಲ. ಆಟದಲ್ಲಿ ದಾರದ ತುದಿ ಅದರ ಕೈಯಲ್ಲೇ ಇತ್ತು. ನಮ್ಮ ಮನೆಗಳಲ್ಲಿ ಯಾರೂ 'ಹೋಗ್ತೀನಿ' ಎಂದು ಹೊರಡುವುದಿಲ್ಲ, 'ಹೋಗಿ ಬರ್ತೀನಿ' ಎನ್ನುತ್ತಾರೆ, ತಪ್ಪಿದರೆ ಹಿರಿಯರು ತಿದ್ದುತ್ತಾರೆ. ಆ ಎರಡು ಪದಗಳನ್ನು ಮಗು ರೀಲಿನ ನೆರವಿನಿಂದ ಕಲಿಯುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಆದರೂ ಆಟದ ಮೊದಲ ಅರ್ಧ, ಅಂದರೆ ಎಸೆದು ಕಳಿಸುವ ಭಾಗವೊಂದೇ ಹೆಚ್ಚು ಸಲ ನಡೆಯುತ್ತಿತ್ತು ಎಂದು ಫ್ರಾಯ್ಡ್ ದಾಖಲಿಸಿದ್ದಾರೆ.

ನಮ್ಮ ಹುಡುಗನೂ ಹಾಗೆಯೇ ಆಡಿದ. ನನ್ನ ಕೋಣೆಯಲ್ಲಿದ್ದ ಆಟದ ಬಸ್ಸಿಗೆ ಒಂದು ಬೊಂಬೆಯನ್ನು ಹತ್ತಿಸಿ ಕುರ್ಚಿಯ ಕೆಳಗೆ ತಳ್ಳಿದ, ಮತ್ತೆ ಅದರತ್ತ ನೋಡಲಿಲ್ಲ. ಬಸ್ಸು ಯಾವಾಗ ವಾಪಸು ಬರುತ್ತದೆ ಎಂದು ಕೇಳಿದೆ. "ಅದು ಬರೋ ಬಸ್ಸಲ್ಲ" ಎಂದ.

ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವವರು ಲಂಡನ್ನಿನ ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ ದಶಕಗಳ ಕಾಲ ದುಡಿದ ಡೊನಾಲ್ಡ್ ವಿನಿಕಾಟ್. ಮಕ್ಕಳ ವೈದ್ಯರಾಗಿದ್ದು ಮನೋವಿಶ್ಲೇಷಕರೂ ಆದವರು. 1955ರಲ್ಲಿ ಏಳು ವರ್ಷದ ಹುಡುಗನೊಬ್ಬ ಅವರ ಬಳಿ ಬಂದ. ಅವನಿಗೆ ಹುರಿಯ ಗೀಳು. ಮನೆಯ ಕುರ್ಚಿ ಮೇಜುಗಳನ್ನೆಲ್ಲ ಹುರಿಯಿಂದ ಒಂದಕ್ಕೊಂದು ಕಟ್ಟಿಹಾಕುತ್ತಿದ್ದ. ಒಮ್ಮೆ ತಂಗಿಯ ಕುತ್ತಿಗೆಗೂ ಸುತ್ತಿದಾಗ ತಂದೆತಾಯಿ ಹೆದರಿದರು. ವಿನಿಕಾಟ್ ಅವನೊಡನೆ ಚಿತ್ರ ಬಿಡಿಸುವ ಆಟ ಆಡಿದರು: ಕುಣಿಕೆ, ಚಾವಟಿ, ಗಂಟು, ಹೆಚ್ಚುಕಡಿಮೆ ಎಲ್ಲವೂ ಹುರಿಯೇ. ತಂಗಿ ಹುಟ್ಟಿದಾಗ, ಆಮೇಲೆ ತಾಯಿಗೆ ಶಸ್ತ್ರಚಿಕಿತ್ಸೆಯಾದಾಗ, ಮತ್ತೆ ತಾಯಿ ಖಿನ್ನತೆಯಿಂದ ಆಸ್ಪತ್ರೆ ಸೇರಿದಾಗ ಅವನು ಮೇಲಿಂದ ಮೇಲೆ ತಾಯಿಯಿಂದ ಅಗಲಿದ್ದ. ಕಳಚಿಹೋಗುವುದನ್ನೆಲ್ಲ ಅವನು ಕಟ್ಟಿಡುತ್ತಿದ್ದ. ಆ ಕುಟುಂಬ ಪದೇ ಪದೇ ಲಂಡನ್ನಿಗೆ ಬರುವಂತಿರಲಿಲ್ಲವಾದ್ದರಿಂದ, ಅಗಲಿಕೆಯ ಭಯದ ಬಗ್ಗೆ ಹುಡುಗನೊಡನೆ ಮಾತಾಡುವ ಕೆಲಸವನ್ನು ವಿನಿಕಾಟ್ ತಾಯಿಗೇ ವಹಿಸಿದರು. ಇದೇನು ಹುಚ್ಚು ಎಂದುಕೊಂಡಿದ್ದ ತಾಯಿ ಕೊನೆಗೆ ಮಾತಾಡಿದಾಗ ಹುಡುಗ ಅದಕ್ಕಾಗಿಯೇ ಕಾದಿದ್ದವನಂತೆ ಮಾತಾಡಿದ, ಹುರಿಯ ಆಟ ನಿಂತಿತು. ದೇಹದಿಂದ ದೂರ ಇದ್ದದ್ದಕ್ಕಿಂತ, ಖಿನ್ನತೆಯಲ್ಲಿ ಮುಳುಗಿ ಎದುರಿಗಿದ್ದೂ ಇಲ್ಲದಂತಾದದ್ದೇ ದೊಡ್ಡ ಅಗಲಿಕೆ ಎಂದು ಗುರುತಿಸಿದವರೂ ಆ ತಾಯಿಯೇ.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಪವಾಡವಾಗುತ್ತದೆ. ಆ ಹುಡುಗ ಗುಣವಾಗಲಿಲ್ಲ, ಹರೆಯದಲ್ಲಿ ಮಾದಕವಸ್ತುಗಳ ದಾಸನಾದ ಎಂದು ವಿನಿಕಾಟ್ ವರ್ಷಗಳ ನಂತರ ತಾವೇ ಟಿಪ್ಪಣಿ ಸೇರಿಸಿದರು. ಆ ಪ್ರಾಮಾಣಿಕತೆಗಾಗಿ ನಾನು ಅವರನ್ನು ಇನ್ನಷ್ಟು ಗೌರವಿಸುತ್ತೇನೆ. ಒಂದು ಮಾತುಕತೆ ಒಂದು ಗಂಟನ್ನು ಸಡಿಲಿಸಬಹುದು. ಹುಟ್ಟುಗುಣ, ಮನೆಯ ಸ್ಥಿತಿ, ಮುಂದಿನ ವರ್ಷಗಳ ಪೆಟ್ಟು ಇವೆಲ್ಲ ಅದರ ಹಿಡಿತದಲ್ಲಿಲ್ಲ. ಎಲ್ಲಕ್ಕೂ ತಾಯಿಯನ್ನೇ ಹೊಣೆ ಮಾಡುವ ಚಾಳಿಯೂ ಈ ಪಂಥಕ್ಕೆ ಬಹುಕಾಲ ಅಂಟಿಕೊಂಡಿತ್ತು, ಅದರಿಂದ ಅನೇಕ ಹೆಂಗಸರು ಅನ್ಯಾಯವಾಗಿ ನೊಂದರು.

ಅಳದ ಮಗುವೆಂದರೆ ನೋವಿಲ್ಲದ ಮಗುವಲ್ಲ ಎಂಬ ತಿಳಿವು ಮಾತ್ರ ಗಟ್ಟಿಯಾಗಿ ಉಳಿದಿದೆ. ತಾಯಿ-ಮಗುವಿನ ಅಗಲಿಕೆಯನ್ನು ಅಧ್ಯಯನ ಮಾಡಿದ ಮನೋವೈದ್ಯ ಜಾನ್ ಬೌಲ್ಬಿಯವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ, ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡೂವರೆ ವರ್ಷದ ಹುಡುಗಿಯೊಬ್ಬಳ ಚಲನಚಿತ್ರ ತೆಗೆದು ತೋರಿಸಿದರು. ಅವಳು ಹೆಚ್ಚು ಅಳುವವಳಲ್ಲ. ಆ ಬಿಗಿದ ಮುಖವೇ ನೋಡುವವರನ್ನು ಕಲಕುತ್ತಿತ್ತು. ತಂದೆತಾಯಿಗೆ ಮಕ್ಕಳ ವಾರ್ಡಿನೊಳಗೆ ಮುಕ್ತ ಪ್ರವೇಶವಿರಬೇಕೆಂದು ಮುಂದೆ 1959ರಲ್ಲಿ ಬ್ರಿಟನ್ನಿನ ಸರ್ಕಾರಿ ಸಮಿತಿಯೊಂದರ ಪ್ಲಾಟ್ ವರದಿ ಶಿಫಾರಸು ಮಾಡಿತು.

ನಮ್ಮ ಹುಡುಗನ ತಾಯಿ ಬಾಣಂತನಕ್ಕೆ ಹೋಗಿ ಐದು ತಿಂಗಳು ತೌರಿನಲ್ಲಿದ್ದರು. ಶಾಲೆ ತಪ್ಪಬಾರದೆಂದು ಅವನು ಅಜ್ಜಿಯ ಬಳಿ ಉಳಿದಿದ್ದ. ಹೊರಟದ್ದು ಹೇಗೆಂದು ಕೇಳಿದೆ. ಅವನು ಮಧ್ಯಾಹ್ನ ಮಲಗಿದ್ದಾಗ, ಎದ್ದರೆ ರಂಪ ಮಾಡಿಯಾನೆಂದು, ಸದ್ದು ಮಾಡದೆ ಹೊರಟಿದ್ದರು. ಅವನು ಎದ್ದು ಬಂದಾಗ ಬಾಗಿಲ ಬಳಿ ಅಮ್ಮನ ಚಪ್ಪಲಿ ಇರಲಿಲ್ಲ. ಇದನ್ನು ಹೇಳುತ್ತ ಹೇಳುತ್ತ ತಾಯಿಗೇ ಅರ್ಥವಾಗಿ ಅರ್ಧಕ್ಕೆ ನಿಲ್ಲಿಸಿದರು.

ನಾನು ಅವರಿಂದ ಬಯಸಿದ್ದು ಎರಡೇ. ಆ ಮಧ್ಯಾಹ್ನದ ಬಗ್ಗೆ ಅವನೊಡನೆ ಮಾತಾಡಬೇಕು, ಹೇಳದೆ ಹೋದದ್ದು ತಪ್ಪಾಯಿತೆಂದು ಒಪ್ಪಿಕೊಳ್ಳಬೇಕು. ಇನ್ನು ಮುಂದೆ ಹಾಲಿನಂಗಡಿಗೆ ಹೋಗುವುದಾದರೂ ಕಣ್ಣು ತಪ್ಪಿಸದೆ ಹೇಳಿ ಹೋಗಬೇಕು. ಮೂರು ವಾರದ ನಂತರ ಅಜ್ಜಿ ಒಬ್ಬರೇ ಸಿಟ್ಟಿನಿಂದ ಬಂದರು. ಚಪ್ಪಲಿ ಈಗ ಇದ್ದಲ್ಲೇ ಇರುತ್ತದಂತೆ, ಆದರೆ ಅಮ್ಮ ಹೊರಟರೆ ಹುಡುಗ ಬೀದಿಗೆಲ್ಲ ಕೇಳುವಂತೆ ಅಳುತ್ತಾನಂತೆ. "ಮೊದಲೇ ವಾಸಿಯಿತ್ತಲ್ಲ ಡಾಕ್ಟ್ರೇ" ಎಂದರು. ನಾನು ಅವರನ್ನು ಕೂರಿಸಿ, ಆ ಐದು ತಿಂಗಳಲ್ಲಿ ಅಳದೆ ಉಳಿದುಹೋಗಿದ್ದ ಅಳು ಈಗ ಬರುತ್ತಿದೆ, ಅದು ಮುಗಿಯುವವರೆಗೆ ಅವನನ್ನು ಎತ್ತಿಕೊಂಡಿರಿ ಎಂದೆ.